ಓ ಗೋಶಿ ಕೂಡಿಬರುತ್ತಿಲ್ಲವೇ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಜೂಡೋ ತರಗತಿಗೆ ಸೇರಿದವರಿಗೆ ಬೀಳುವುದನ್ನು ಕಲಿಸಿದ ಮೇಲೆ ಹೇಳಿಕೊಡುವ ಮೊದಲ ಕೆಲವು ಎಸೆತಗಳಲ್ಲಿ ಓ ಗೋಶಿ ಒಂದು. ಹೆಸರಿನ ಅರ್ಥ ‘ದೊಡ್ಡ ಸೊಂಟ’. ಜೂಡೋವನ್ನು ಕಟ್ಟಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಶಾಲೆಯನ್ನು ಆರಂಭಿಸಿದರು. ಅಲ್ಲಿ 1895ರಲ್ಲಿ ಎಸೆತಗಳನ್ನು ಐದು ಗುಂಪುಗಳಾಗಿ ಜೋಡಿಸಿದರು. 1920ರಲ್ಲಿ ಆ ಪಟ್ಟಿಯನ್ನು ತಿದ್ದಿ ಗುಂಪಿಗೆ ಎಂಟರಂತೆ 40 ಎಸೆತಗಳಿಗೆ ನಿಲ್ಲಿಸಿದಾಗ ಓ ಗೋಶಿಗೆ ಮೊದಲ ಗುಂಪಿನಲ್ಲೇ ಸ್ಥಾನ ಸಿಕ್ಕಿತು. ಮೊದಲ ಪಾಠವಾದ್ದರಿಂದ ಸುಲಭವಿರಬೇಕು ಎಂದುಕೊಂಡೇ ಎಲ್ಲರೂ ಆರಂಭಿಸುತ್ತಾರೆ. ಒಂದು ತಿಂಗಳ ನಂತರವೂ ಎದುರಿಗಿರುವವರು ಅಲುಗಾಡದಿದ್ದಾಗ ತಲೆ ಕೆರೆದುಕೊಳ್ಳುತ್ತಾರೆ.

ನಾನೂ ಹಾಗೆ ತಲೆ ಕೆರೆದುಕೊಂಡವನೇ. ಮೂವತ್ತು ದಾಟಿದ ಮೇಲೆ ಕಲಿಯಲು ಹೋದವನು, ಈಗ ಸಂಜೆಯ ಹೊತ್ತು ಹೊಸಬರ ಜೊತೆ ನಿಲ್ಲುತ್ತೇನೆ. ಇಷ್ಟು ವರ್ಷ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಈ ಎಸೆತದಲ್ಲಿ ದೋಷ ಕಾಣಿಸುವ ಜಾಗ ಬೇರೆ, ದೋಷ ಇರುವ ಜಾಗ ಬೇರೆ. ಸೊಂಟದಲ್ಲಿ, ಬೆನ್ನಿನಲ್ಲಿ, ಕಾಲಿನಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲಿನ ಬೇರು ತೋಳು ಹಿಡಿದ ಎಡಗೈಯಲ್ಲಿರುತ್ತದೆ.

ಮುಂದಿನ ಮಾತೆಲ್ಲ ಬಲಗೈ ರೂಢಿಯವರಿಗಾಗಿ; ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಬೇಕು. ಎಸೆಯುವವರಿಗೆ ತೋರಿ ಎಂದೂ, ಎಸೆಯಲ್ಪಡುವವರಿಗೆ ಉಕೆ ಎಂದೂ ಹೆಸರು. ಕ್ರಮ ಇಷ್ಟೇ. ಎಡಗೈಯಲ್ಲಿ ಉಕೆಯ ಬಲತೋಳಿನ ಬಟ್ಟೆ, ಬಲಗೈಯಲ್ಲಿ ಅವರ ಎದೆಯ ಪಟ್ಟಿ. ಎಡಗೈ ಅವರನ್ನು ಮುಂದಕ್ಕೆ ಎಳೆಯುವಾಗ ನಿಮ್ಮ ಬಲಪಾದ ಅವರ ಬಲಪಾದದ ಮುಂದೆ ಬಂದು ನಿಲ್ಲುತ್ತದೆ. ಬಲಗೈ ಪಟ್ಟಿಯನ್ನು ಬಿಟ್ಟು, ಅವರ ಎಡ ಕಂಕುಳ ಕೆಳಗಿನಿಂದ ಹಾದು ಸೊಂಟವನ್ನು ಬಳಸುತ್ತದೆ. ನೀವು ಬೆನ್ನು ತಿರುಗಿಸುತ್ತೀರಿ, ಎಡಪಾದ ಅವರ ಎಡಪಾದದ ಮುಂದೆ ಬರುತ್ತದೆ, ಮೊಣಕಾಲು ಮಡಿಸಿರುತ್ತದೆ. ಮೊಣಕಾಲು ನೆಟ್ಟಗೆ ಮಾಡುತ್ತಾ ಎಡಕ್ಕೆ ಹೊರಳಿದಾಗ ಉಕೆ ನಿಮ್ಮ ಸೊಂಟದ ಮೇಲಿಂದ ಉರುಳಿ ಮುಂದೆ ಬೀಳುತ್ತಾರೆ. ಇದು ಗುರುವಿನ ಎದುರು, ಮ್ಯಾಟಿನ ಮೇಲೆ ಕಲಿಯುವ ವಿದ್ಯೆ. ಈ ಬರಹ ತರಗತಿಗೆ ಹೋಗುತ್ತಿರುವವರಿಗೆ ಮಾತ್ರ. ಮನೆಯ ಹಾಲ್‌ನಲ್ಲಿ ತಮ್ಮನ ಮೇಲೆ ಪ್ರಯೋಗ ಮಾಡುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಏನನ್ನೂ ಬದಲಿಸುವ ಮುನ್ನ ನೋಡಬೇಕಾದ್ದು

ಕೆಲವು ತೊಂದರೆಗಳಿಗೂ ಎಸೆತಕ್ಕೂ ಸಂಬಂಧವೇ ಇರುವುದಿಲ್ಲ. ಮೊದಲು ನೆಲ ನೋಡಿ. ಜೂಡೋಗೆಂದೇ ಮಾಡಿದ ಮ್ಯಾಟ್ ಸಾಮಾನ್ಯವಾಗಿ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ದಪ್ಪ ಇರುತ್ತದೆ. ಕರಾಟೆ ತರಗತಿಗಳಲ್ಲಿ ಕಾಣುವ, ಹಲ್ಲುಹಲ್ಲಾಗಿ ಸೇರಿಸುವ ಎರಡು ಸೆಂಟಿಮೀಟರಿನ ಫೋಮ್ ಹಾಳೆಗಳು ಒದೆತ, ಗುದ್ದಿನ ಅಭ್ಯಾಸಕ್ಕೆ ಸಾಕು. ಸಿಮೆಂಟ್ ನೆಲದ ಮೇಲೆ ಅವನ್ನು ಹಾಸಿ ಆಳನ್ನು ಎತ್ತಿ ಒಗೆಯಲು ಸಾಲವು. ಮ್ಯಾಟುಗಳ ನಡುವೆ ಬಿರುಕು ಬಿಟ್ಟಿದ್ದರೆ ತಿರುಗುವಾಗ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಹೊಸಬರು ಅದನ್ನು ‘ತಿರುಗಲು ಬರುತ್ತಿಲ್ಲ’ ಎಂದು ವರದಿ ಮಾಡುತ್ತಾರೆ.

ಆಮೇಲೆ ಜೋಡಿ. ನಿಮಗಿಂತ ಒಂದು ಗೇಣು ಕುಳ್ಳಗಿರುವವರ ಕೆಳಗೆ ನಿಮ್ಮ ಸೊಂಟವನ್ನು ತೂರಿಸುವುದು ಹಳಬರಿಗೂ ಕಷ್ಟ. ಮೊದಲ ತಿಂಗಳು ನಿಮ್ಮಷ್ಟೇ ಎತ್ತರ ಅಥವಾ ತುಸು ಹೆಚ್ಚು ಎತ್ತರ, ನಿಮ್ಮಷ್ಟೇ ತೂಕದವರನ್ನು ಕೇಳಿ ಪಡೆಯಿರಿ. ಜೊತೆಗೆ ಉಗುರು ಕತ್ತರಿಸಿರಬೇಕು. ಕಡಗ, ಉಂಗುರ, ಸರ, ಕಿವಿಯೋಲೆ ಎಲ್ಲ ಚೀಲದೊಳಗೆ. ಬೆಲ್ಟ್ ಸಡಿಲವಿದ್ದರೆ ಅಂಗಿ ಮೇಲೆದ್ದು ನಿಮ್ಮ ಎಳೆತವೆಲ್ಲ ಬಟ್ಟೆಯಲ್ಲೇ ಕರಗಿಹೋಗುತ್ತದೆ, ಆಳಿಗೆ ತಲುಪುವುದೇ ಇಲ್ಲ.

ಕೊನೆಯದು, ಬೀಳಲು ಬರುತ್ತದೆಯೇ ಎಂಬುದು. ಇಬ್ಬರೂ ಕುಕ್ಕರಗಾಲಿನಿಂದ ಹಿಂದಕ್ಕೆ ಹತ್ತು ಸಲ ಉರುಳಿ, ಎರಡೂ ಕೈಯಿಂದ ಮ್ಯಾಟನ್ನು ಬಡಿಯಿರಿ. ಗದ್ದ ಎದೆಗೆ ಅಂಟಿರಬೇಕು, ಕಣ್ಣು ಬೆಲ್ಟಿನ ಗಂಟನ್ನು ನೋಡುತ್ತಿರಬೇಕು. ಹತ್ತರಲ್ಲಿ ಒಂದು ಸಲ ತಲೆ ಮ್ಯಾಟಿಗೆ ತಾಗಿದರೂ ಆ ದಿನ ಎಸೆತ ಬೇಡ, ಬೀಳುವ ಅಭ್ಯಾಸವೇ ಪಾಠ. ಇದರಲ್ಲಿ ರಿಯಾಯಿತಿ ಇಲ್ಲ.

ಲಕ್ಷಣ: ಎದುರಿಗಿನವರು ಕಂಬದಂತೆ ಭಾರ, ಮೇಲೇಳುವುದೇ ಇಲ್ಲ

ಎಲ್ಲರೂ ತರುವ ದೂರು ಇದು. ‘ಶಕ್ತಿ ಸಾಲದು, ಜಿಮ್‌ಗೆ ಸೇರುತ್ತೇನೆ’ ಎನ್ನುತ್ತಾರೆ. ಜಿಮ್ಮಿನ ಹಣ ಉಳಿಸಿ. ಇಲ್ಲಿ ನಾಲ್ಕು ಕಾರಣಗಳಿರಬಹುದು. ಇದೇ ಕ್ರಮದಲ್ಲಿ ಒಂದೊಂದಾಗಿ ತಳ್ಳಿಹಾಕುತ್ತಾ ಬನ್ನಿ.

ಮೊದಲನೆಯದು ಎಳೆತ. ತಿರುಗಲೇಬೇಡಿ. ಇದ್ದಲ್ಲೇ ನಿಂತು, ಹಿಡಿತ ಹಿಡಿದು, ಬರೀ ಎಳೆಯಿರಿ. ಉಕೆಯ ಹಿಮ್ಮಡಿ ನೆಲ ಬಿಟ್ಟಿತೇ ಎಂದು ಮೂರನೆಯವರೊಬ್ಬರು ಬಗ್ಗಿ ನೋಡಲಿ. ಹಿಮ್ಮಡಿ ನೆಲದಲ್ಲೇ ಇದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಕಾಗಿಲ್ಲ, ರೋಗ ಸಿಕ್ಕಿತು. ಸಮತೋಲ ಕೆಡಿಸುವ ಈ ಹಂತಕ್ಕೆ ಕುಜುಶಿ ಎನ್ನುತ್ತಾರೆ. ಕುಜುಶಿ ಇಲ್ಲದೆ ಸೊಂಟ ಹಾಕುವುದೆಂದರೆ ಬೇರು ಬಿಟ್ಟ ಮರವನ್ನು ಬೆನ್ನಿಗೇರಿಸಿಕೊಂಡಂತೆ.

ನನ್ನ ಕಥೆ ಹೇಳುತ್ತೇನೆ. ಮೂರು ತಿಂಗಳು ನನ್ನ ಓ ಗೋಶಿಗೆ ಯಾರೂ ಬೀಳಲಿಲ್ಲ. ಬಿದ್ದವರು ಕರುಣೆಯಿಂದ ಬಿದ್ದರು. ಒಂದು ಸಂಜೆ ನಮ್ಮ ಮಾಸ್ಟರ್ ಹತ್ತಿರ ಬಂದು, ಸೊಂಟವನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ನನ್ನ ಎಡಗೈಯ ಕಿರುಬೆರಳನ್ನು ತಮ್ಮ ಎರಡು ಬೆರಳುಗಳ ನಡುವೆ ಹಿಡಿದುಕೊಂಡು, ‘ಈಗ ಎಳೆಯಪ್ಪ’ ಎಂದರು. ಎಳೆದೆ. ಕಿರುಬೆರಳು ನೆಲದ ಕಡೆಗೆ ಹೋಯಿತು. ‘ಬಾವಿಯಿಂದ ನೀರು ಸೇದುತ್ತಿದ್ದೀಯ. ಹಗ್ಗ ಕೆಳಕ್ಕೆ ಎಳೆದರೆ ಕೊಡ ಮೇಲೆ ಬರುತ್ತದೆ, ಇಲ್ಲಿ ರಾಟೆ ಇಲ್ಲ’ ಎಂದರು. ಆಮೇಲೆ ಅದೇ ಬೆರಳನ್ನು ಮೇಲ್ಮುಖವಾಗಿ ತಿರುಗಿಸಿ, ಮಣಿಕಟ್ಟಿನಲ್ಲಿ ಗಡಿಯಾರವಿದ್ದರೆ ಗಂಟೆ ನೋಡುವ ಹಾಗೆ ಕೈಯನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದರು. ಉಕೆಯ ಮೊಣಕೈ ತಾನಾಗಿ ಮೇಲೆದ್ದಿತು, ಕಂಕುಳು ತೆರೆಯಿತು, ಅವರು ಎರಡೂ ಕಾಲಿನ ತುದಿಬೆರಳ ಮೇಲೆ ನಿಂತಿದ್ದರು. ಅವರನ್ನು ಕೆಳಕ್ಕೆ ಎಳೆದು ಎಳೆದು ಮೂರು ತಿಂಗಳು ನಾನೇ ನೆಲಕ್ಕೆ ನೆಡುತ್ತಿದ್ದೆ.

ಹಿಮ್ಮಡಿ ಏಳುತ್ತಿದ್ದರೂ ಭಾರ ಎನಿಸಿದರೆ ಎರಡನೆಯ ಪರೀಕ್ಷೆ, ಬೆಲ್ಟು. ಮೊಬೈಲನ್ನು ಸೊಂಟದ ಎತ್ತರದಲ್ಲಿ, ಪಕ್ಕದಿಂದ ಕಾಣುವಂತೆ ಒರಗಿಸಿಟ್ಟು ವಿಡಿಯೊ ತೆಗೆಯಿರಿ. ಒಳಗೆ ಬಂದು ನಿಂತ ಕ್ಷಣದಲ್ಲಿ ನಿಮ್ಮ ಬೆಲ್ಟ್ ಉಕೆಯ ಬೆಲ್ಟಿಗಿಂತ ಕೆಳಗಿರಬೇಕು. ಸಮವಾಗಿದ್ದರೆ ಅಥವಾ ಮೇಲಿದ್ದರೆ ನೀವು ತೋಳಬಲದಲ್ಲಿ ಎತ್ತಲು ನೋಡುತ್ತಿದ್ದೀರಿ. ಎಪಿಎಂಸಿ ಅಂಗಳದಲ್ಲಿ ಹಮಾಲಿಗಳು ಅಕ್ಕಿ ಮೂಟೆಗೆ ಬೆನ್ನು ಕೊಡುವುದನ್ನು ನೋಡಿದ್ದೀರಲ್ಲ. ಮೂಟೆಯ ಕೆಳಗೆ ಮೊದಲು ಮೊಣಕಾಲು ಮಡಿಸಿ ಇಳಿಯುತ್ತಾರೆ, ಬೆನ್ನು ನೆಟ್ಟಗಿರುತ್ತದೆ, ಏಳುವುದು ಕಾಲಿನಿಂದ. ಮೂಟೆಗಿಂತ ಎತ್ತರ ನಿಂತು ಅದನ್ನು ಬೆನ್ನಿಗೇರಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಮೂರನೆಯದು, ನಡುವಿನ ಸಂದು. ಮಡಿಸಿದ ಕೈ ಒರೆಸುವ ಟವೆಲೊಂದನ್ನು ಉಕೆ ತಮ್ಮ ಹೊಟ್ಟೆಗೆ ಒತ್ತಿ ಹಿಡಿದಿರಲಿ. ನೀವು ತಿರುಗಿ ಸೊಂಟ ಕೊಟ್ಟ ಮೇಲೆ ಅವರು ಕೈ ಬಿಡಲಿ. ಟವೆಲ್ ಕೆಳಗೆ ಬಿದ್ದರೆ ನಿಮ್ಮ ಬೆನ್ನಿಗೂ ಅವರ ಹೊಟ್ಟೆಗೂ ನಡುವೆ ಗಾಳಿಯಾಡುತ್ತಿದೆ ಎಂದೇ ಅರ್ಥ. ಸಂದು ಇರುವುದಕ್ಕೆ ಎರಡು ಕಾರಣ. ಬಲಗೈ ಸೊಂಟವನ್ನು ಬಳಸದೆ ಬರೀ ಅಂಗಿಯ ಪಕ್ಕವನ್ನು ಹಿಡಿದಿರುವುದು ಒಂದು. ನೀವು ತಿರುಗುವ ಹೊತ್ತಿಗೆ ಎಡಗೈ ಸುಮ್ಮನಾಗಿರುವುದು ಇನ್ನೊಂದು, ಹೆಚ್ಚಾಗಿ ಇದೇ. ಹೊಸಬರಲ್ಲಿ ಕಾಲು ಚಲಿಸತೊಡಗಿದ ಕೂಡಲೇ ಕೈ ಕೆಲಸ ನಿಲ್ಲಿಸುತ್ತದೆ.

ಮೂರೂ ಸರಿಯಿದ್ದರೆ ಮಾತ್ರ ನಾಲ್ಕನೆಯದಕ್ಕೆ ಬನ್ನಿ: ಕಾಲಿನ ಬಲ. ಎಸೆಯದೆ, ಬರೀ ಎತ್ತಿ ಎರಡು ಎಣಿಸಿ ಇಳಿಸಿ. ಹೀಗೆ ಐದು ಸಲ. ಐದನೆಯದರಲ್ಲಿ ತೊಡೆ ನಡುಗಿದರೆ ಬಸ್ಕಿ ಹೊಡೆಯುವ ಅಗತ್ಯ ನಿಜವಾಗಿಯೂ ಇದೆ. ಈ ನಾಲ್ಕನೆಯದೇ ನಿಜವಾದ ಕಾರಣವಾಗಿದ್ದವರನ್ನು ಬೆರಳೆಣಿಕೆಯಷ್ಟು ಕಂಡಿದ್ದೇನೆ.

ಲಕ್ಷಣ: ತಿರುಗಿದ ಕೂಡಲೇ ನಾನೇ ಹಿಂದಕ್ಕೆ ವಾಲುತ್ತೇನೆ

ಭಾರ ಹಿಮ್ಮಡಿಗೆ ಬಿದ್ದಿದೆ. ಪರೀಕ್ಷಿಸುವುದು ಸುಲಭ: ತಿರುಗಿ ನಿಂತ ಭಂಗಿಯಲ್ಲಿ ಹಾಗೇ ಇರಿ, ಉಕೆ ನಿಮ್ಮನ್ನು ಒಂದೇ ಬೆರಳಿನಿಂದ ಹಿಂದಕ್ಕೆ ಎಳೆಯಲಿ. ಅಷ್ಟಕ್ಕೇ ಹೆಜ್ಜೆ ತಪ್ಪಿದರೆ ದೋಷ ಪಾದದಲ್ಲಿದೆ.

ಉಕೆಯ ಎರಡೂ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಮ್ಯಾಟಿನ ಯಜಮಾನರ ಒಪ್ಪಿಗೆ ಪಡೆದು. ನಿಮ್ಮ ಪಾದಗಳು ಆ ಎರಡು ಗುರುತುಗಳ ಮುಂದೆ, ಒಳಬದಿಯಲ್ಲಿ, ಉಕೆ ನೋಡುತ್ತಿರುವ ದಿಕ್ಕನ್ನೇ ನೋಡುತ್ತಾ ಇರಬೇಕು. ಹಿಮ್ಮಡಿ ಅವರ ಪಾದಗಳ ನಡುವಿನ ಗೆರೆಯನ್ನು ದಾಟಿ ಅವರ ಕೆಳಗೇ ಹೋಗಿದ್ದರೆ ನೀವು ಅತಿಯಾಗಿ ಒಳನುಗ್ಗಿದ್ದೀರಿ, ಹಿಂದಕ್ಕೆ ಒರಗದೆ ಬೇರೆ ದಾರಿಯೇ ಇಲ್ಲ. ಎಡಪಾದ ಅರ್ಧಕ್ಕೇ ನಿಂತು ಪಕ್ಕಕ್ಕೆ ನೋಡುತ್ತಿದ್ದರೆ ತಿರುಗುವುದು ಪೂರ್ತಿಯಾಗಿಲ್ಲ. ಒಂದು ಸಣ್ಣ ಉಪಾಯವಿದೆ. ತಿರುಗಿ ಮುಗಿದಾಗ ಎದುರಿನ ಗೋಡೆಯ ಮೇಲೆ ಎದೆಯ ಎತ್ತರದಲ್ಲಿ ಒಂದು ಗುರುತು ನೋಡಿಕೊಳ್ಳಿ. ಕಣ್ಣು ಮೇಲೆ ಚಾವಣಿಯ ಫ್ಯಾನಿನ ಕಡೆಗೆ ಹೋದರೆ ಎದೆಯೂ ಅದರ ಹಿಂದೆಯೇ ಹೋಗುತ್ತದೆ.

ಎಚ್ಚರಿಕೆ: ಹಿಂದಕ್ಕೆ ಬೀಳುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಹಠ ಹಿಡಿದು ಎಸೆತ ಮುಂದುವರಿಸಬೇಡಿ. ಬಲಗೈ ಸಡಿಲಿಸಿ, ಗದ್ದವನ್ನು ಎದೆಗೆ ತಂದು ಬೀಳಿ. ಇಲ್ಲವಾದರೆ ಇಬ್ಬರ ಭಾರವೂ ಕೆಳಗೆ ಸಿಕ್ಕಿಕೊಂಡ ಉಕೆಯ ತಲೆ, ಪಕ್ಕೆಗಳ ಮೇಲೆ ಬೀಳುತ್ತದೆ.

ಲಕ್ಷಣ: ಉಕೆ ಸೊಂಟದ ಮೇಲೆ ಉರುಳದೆ ಪಕ್ಕಕ್ಕೆ ಜಾರಿಕೊಳ್ಳುತ್ತಾರೆ

ಈ ದೋಷಕ್ಕೆ ಇತಿಹಾಸವೇ ಇದೆ. ಕಾನೊ ಅವರ ಇಷ್ಟದ ಎಸೆತ ಉಕಿ ಗೋಶಿ. ಇದು ಓ ಗೋಶಿಯ ತಮ್ಮನಂತೆ. ಅದರಲ್ಲಿ ಸೊಂಟ ಅರ್ಧ ಮಾತ್ರ ಒಳಗೆ ಹೋಗುತ್ತದೆ, ಎತ್ತುವ ಕೆಲಸವಿಲ್ಲ. ಶಿಷ್ಯ ಸಾಯ್ಗೊ ಶಿರೊ ಗುರುವಿನ ಸೊಂಟವನ್ನು ಜಿಗಿದು ದಾಟಿ ತಪ್ಪಿಸಿಕೊಳ್ಳುವುದನ್ನು ಕಲಿತರಂತೆ. ಹಾಗೆ ದಾಟುವ ಕಾಲನ್ನು ಗುಡಿಸಿ ಎಸೆಯಲು ಕಾನೊ ಹರಾಯ್ ಗೋಶಿಯನ್ನು ರೂಪಿಸಿದರು ಎಂಬುದು ಜೂಡೋ ಬಲ್ಲವರೆಲ್ಲ ಹೇಳುವ ಮಾತು. ನಿಮ್ಮ ಉಕೆ ಸಾಯ್ಗೊ ಅಲ್ಲ. ಅವರೂ ಜಾರುತ್ತಿದ್ದಾರೆಂದರೆ ನೀವು ಹಾಕಿದ್ದು ಓ ಗೋಶಿಯಲ್ಲ, ಎಳೆತವಿಲ್ಲದ ಉಕಿ ಗೋಶಿ.

ಜಾರುವ ದಿಕ್ಕು ನೋಡಿ. ಬಲಕ್ಕೆ, ಅಂದರೆ ನಿಮ್ಮ ಬಲಸೊಂಟವನ್ನು ಸುತ್ತಿ ಹೊರಗೆ ಹೋಗುತ್ತಿದ್ದರೆ ಸೊಂಟ ಸಾಕಷ್ಟು ದಾಟಿಲ್ಲ. ನಿಮ್ಮ ಬಲಸೊಂಟ ಅವರ ಬಲಸೊಂಟಕ್ಕಿಂತ ತುಸು ಹೊರಗೆ ಚಾಚಿರಬೇಕು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವಾಗ ಸೊಂಟವನ್ನು ಪಕ್ಕಕ್ಕೆ ಒಡ್ಡುತ್ತಾರಲ್ಲ, ಅಷ್ಟೇ. ಬಿಂದಿಗೆಯ ಕಂಠವನ್ನು ತೋಳು ಹೇಗೆ ಬಳಸಿರುತ್ತದೋ ಬಲಗೈಯೂ ಹಾಗೆ ಬಳಸಿರಬೇಕು, ಬೆರಳ ತುದಿಯಲ್ಲಿ ಬಟ್ಟೆ ಚಿವುಟಿದ್ದರೆ ಸಾಲದು. ಎಡಕ್ಕೆ ಜಾರುತ್ತಿದ್ದರೆ ಅತಿಯಾಗಿ ದಾಟಿದ್ದೀರಿ. ಅವರ ಭಾರ ನಿಮ್ಮ ಬೆನ್ನಿನ ಎಡ ಅಂಚಿಗೆ ಬಂದಿದೆ.

ಎರಡೂ ಸರಿ ಕಂಡರೂ ಜಾರುತ್ತಿದ್ದರೆ ಮತ್ತೆ ಎಡಗೈಗೇ ಹೋಗಿ. ತೋಳಿನ ಬಟ್ಟೆ ಒಂದು ಬೆರಳಷ್ಟು ಸಡಿಲವಾದರೂ ಉಕೆಗೆ ಹೊರಗೆ ಹೆಜ್ಜೆ ಇಡಲು ಅಷ್ಟು ಸಾಕು.

ಲಕ್ಷಣ: ಬೆನ್ನೇರಿದವರು ಅಲ್ಲೇ ತೂಗಾಡುತ್ತಾರೆ

ಎತ್ತುವುದಾಯಿತು, ಇಳಿಸುವುದು ಗೊತ್ತಾಗುತ್ತಿಲ್ಲ. ನೋಡುವವರಿಗೆ ನಗು ಬರುತ್ತದೆ, ಆದರೆ ಅಪಾಯ ಇಲ್ಲೇ ಹೆಚ್ಚು. ಏಕೆಂದರೆ ಗಾಬರಿಯಾದ ತೋರಿ ನೇರ ಮುಂದಕ್ಕೆ ಬಾಗಿಬಿಡುತ್ತಾರೆ, ಉಕೆ ಅವರ ತಲೆಯ ಮೇಲಿಂದ ತಲೆಕೆಳಗಾಗಿ ಇಳಿಯುತ್ತಾರೆ. ಸಿಕ್ಕಿಹಾಕಿಕೊಂಡಿರಿ ಎಂದಾದರೆ ಸುಮ್ಮನೆ ಮೊಣಕಾಲು ಮಡಿಸಿ ಅವರನ್ನು ಮೊದಲಿದ್ದ ಜಾಗಕ್ಕೇ ಇಳಿಸಿ.

ಕಾರಣ ಬಹುಮಟ್ಟಿಗೆ ತಲೆ. ಎಸೆಯುವ ಹೊತ್ತಿಗೆ ನಿಮ್ಮ ಮುಖ ಎಡ ಭುಜದ ಆಚೆಗೆ ತಿರುಗಬೇಕು, ಎಡಗೈ ಎಡ ಸೊಂಟದ ಜೇಬಿನ ಕಡೆಗೆ ಬರಬೇಕು. ಮುಖ ಮುಂದಕ್ಕೇ ನೋಡುತ್ತಿದ್ದರೆ ಭುಜ ಹೊರಳುವುದಿಲ್ಲ, ಭುಜ ಹೊರಳದೆ ಉಕೆ ಉರುಳುವುದಿಲ್ಲ. ಇನ್ನೊಂದು ಕಾರಣ, ಬಲಗೈ ಸೊಂಟದ ಬದಲು ಮೇಲೆ ಹೆಗಲ ಮೂಳೆಯ ಬಳಿ ಇರುವುದು. ಆಗ ಅವರ ಮೇಲ್ಭಾಗ ನಿಮಗೆ ಅಂಟಿಕೊಂಡು ಉರುಳಲು ಜಾಗವಿರುವುದಿಲ್ಲ.

ಲಕ್ಷಣ: ಇಬ್ಬರೂ ಒಟ್ಟಿಗೆ ಬೀಳುತ್ತೇವೆ

ಗರಡಿ ಮನೆಯಿಂದ ಬಂದವರಲ್ಲಿ ಇದನ್ನು ಹೆಚ್ಚು ಕಾಣುತ್ತೇನೆ. ಮಟ್ಟಿಯ ಮೇಲೆ ಧೋಬಿ ಪಛಾಡ್ ಹಾಕಿದ ಪೈಲ್ವಾನರು ಎದುರಾಳಿಯ ಜೊತೆಗೇ ಕೆಳಗಿಳಿಯುವುದು ದೋಷವಲ್ಲ. ಅಲ್ಲಿ ಬೆನ್ನು ಮಣ್ಣಿಗೆ ತಾಗಿಸುವವರೆಗೂ ಹಿಡಿತ ಬಿಡುವಂತಿಲ್ಲ, ಹಿಡಿಯಲು ತೋಳಿನ ಬಟ್ಟೆಯೂ ಇಲ್ಲ. ಜೂಡೋದಲ್ಲಿ ಹೊಸಬರಿಗೆ ನಿಯಮ ಬೇರೆ: ಎಸೆದ ಮೇಲೆ ನೀವು ನಿಂತಿರಬೇಕು, ಉಕೆಯ ಬಲತೋಳು ಇನ್ನೂ ನಿಮ್ಮ ಎಡಗೈಯಲ್ಲಿರಬೇಕು.

ಆ ತೋಳನ್ನು ಕೊನೆಯ ಕ್ಷಣದಲ್ಲಿ ತುಸು ಮೇಲಕ್ಕೆ ಎಳೆದು ಹಿಡಿಯುವುದರಿಂದ ಉಕೆಯ ತಲೆ ನೆಲಕ್ಕೆ ಬಡಿಯದೆ ಉಳಿಯುತ್ತದೆ. ಅವರು ತಮ್ಮ ಎಡಗೈಯಿಂದ ಮ್ಯಾಟ್ ಬಡಿದು ಎಡ ಪಕ್ಕಕ್ಕೆ ಬೀಳಲು ಅವಕಾಶ ಸಿಗುತ್ತದೆ. ತೋಳು ಬಿಟ್ಟುಹೋಗುತ್ತಿದ್ದರೆ ಹಿಡಿತವನ್ನು ಪರೀಕ್ಷಿಸಿ. ಬಟ್ಟೆಯನ್ನು ಮೊಣಕೈಯ ಹತ್ತಿರ, ಹೊರಮಗ್ಗುಲಲ್ಲಿ, ಕಿರುಬೆರಳು ಮತ್ತು ಉಂಗುರಬೆರಳಿನಿಂದ ಬಿಗಿಯಾಗಿ ಹಿಡಿಯಬೇಕು. ತೋಳಿನ ತುದಿಯ ತೂತಿನೊಳಗೆ ಬೆರಳು ತೂರಿಸುವುದು ಸ್ಪರ್ಧೆಯ ನಿಯಮದಲ್ಲೂ ನಿಷಿದ್ಧ, ಬೆರಳಿನ ಮೂಳೆಗೂ ಒಳ್ಳೆಯದಲ್ಲ. ತೋಳು ಗಟ್ಟಿಯಾಗಿದ್ದೂ ನೀವು ಬೀಳುತ್ತಿದ್ದರೆ ನಿಮ್ಮ ಎರಡು ಪಾದಗಳು ತೀರಾ ಹತ್ತಿರ ಕೂಡಿವೆ. ನಡುವೆ ಒಂದು ಪಾದದಷ್ಟು ಅಂತರ ಕೊಟ್ಟು ನೋಡಿ.

ಲಕ್ಷಣ: ಎಸೆಯುವ ನನಗೇ ನೋವು

ಕೆಳಬೆನ್ನು ಹಿಡಿದುಕೊಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ. ಸಾಮಾನ್ಯವಾಗಿ ಮೊಣಕಾಲು ನೆಟ್ಟಗಿಟ್ಟು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಎತ್ತಿರುತ್ತೀರಿ. ವಿಡಿಯೊದಲ್ಲಿ ಹಮಾಲಿಯ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಒಂದೆರಡು ದಿನಗಳಲ್ಲಿ ಇಳಿಯುವ ಸ್ನಾಯುನೋವಾದರೆ ಹೆದರಬೇಕಿಲ್ಲ. ನೋವು ಪೃಷ್ಠದಿಂದ ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ವೈದ್ಯರನ್ನು ಕಾಣಿ. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಭಾಗ ಮರಗಟ್ಟಿದರೆ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆ.

ಮೊಣಕಾಲಿನ ನೋವಿಗೆ ಬೇರೆ ಕಾರಣ. ಪೂರ್ತಿ ಪಾದ ಊರಿಕೊಂಡು ತಿರುಗಿದರೆ ಮೈ ತಿರುಗುತ್ತದೆ, ಪಾದ ಬೆವರಿಗೆ ಮ್ಯಾಟಿಗೆ ಅಂಟಿರುತ್ತದೆ, ನಡುವೆ ಸಿಕ್ಕ ಮೊಣಕಾಲು ತಿರುಚುತ್ತದೆ. ಪಾದದ ಮುಂಭಾಗದ ಮೇಲೆ ಮಾತ್ರ ತಿರುಗಿ, ಹಿಮ್ಮಡಿಯ ಕೆಳಗೆ ಒಂದು ಹಾಳೆ ತೂರುವಷ್ಟಾದರೂ ಜಾಗವಿರಲಿ. ‘ಟಪ್’ ಎಂಬ ಸದ್ದು ಕೇಳಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಅಥವಾ ಮೆಟ್ಟಿಲು ಇಳಿಯುವಾಗ ಕಾಲು ಕೈಕೊಟ್ಟರೆ, ಮೂಳೆ ತಜ್ಞರಿಗೆ ತೋರಿಸದೆ ಮ್ಯಾಟಿಗೆ ಬರಬೇಡಿ. ತೈಲ ತಿಕ್ಕಿಸಿ ಎಳೆಸುವುದು, ಕಟ್ಟು ಹಾಕಿಸುವುದು ನಮ್ಮ ಕಡೆ ರೂಢಿಯಲ್ಲಿದೆ. ಎಕ್ಸ್‌ರೇ ತೆಗೆಸುವ ಮೊದಲು ಅದಕ್ಕೆ ಕೈ ಹಾಕಬಾರದು.

ಲಕ್ಷಣ: ಬಿದ್ದವರಿಗೆ ಪೆಟ್ಟಾಗುತ್ತಿದೆ

ಇಲ್ಲಿ ದೋಷ ಹುಡುಕುವುದಕ್ಕಿಂತ ಮೊದಲು ನಿಲ್ಲಿಸಬೇಕು. ಜಪಾನಿನಲ್ಲಿ ಜೂಡೋ ತಲೆಗಾಯಗಳನ್ನು ಕುರಿತು ನಡೆದ ಅಧ್ಯಯನಗಳಲ್ಲಿ ಗಂಭೀರವಾಗಿ ಗಾಯಗೊಂಡವರು ಹೆಚ್ಚಾಗಿ ಹದಿಹರೆಯದ ಹೊಸಬರು. ಹಿಂದಕ್ಕೆ ಕೆಡಹುವ ಓಸೊಟೊ ಗಾರಿ ಎಂಬ ಎಸೆತ ಅದರಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಓ ಗೋಶಿ ಅದಕ್ಕಿಂತ ಸೌಮ್ಯ, ಆದರೆ ತೋಳು ಬಿಟ್ಟು ಒಗೆದರೆ ಸೌಮ್ಯವಲ್ಲ.

ತಲೆ ಬಡಿದವರು ಆ ದಿನ ಮತ್ತೆ ಆಡಬಾರದು, ‘ನನಗೇನೂ ಆಗಿಲ್ಲ’ ಎಂದು ಎದ್ದು ನಿಂತರೂ ಸರಿ. ಮನೆಯವರಿಗೆ ವಿಷಯ ತಿಳಿಸಿ, ಆ ರಾತ್ರಿ ಒಬ್ಬರೇ ಇರದಂತೆ ನೋಡಿಕೊಳ್ಳಿ. ತಲೆನೋವು ಹೆಚ್ಚುತ್ತಾ ಹೋಗುವುದು, ಪದೇಪದೇ ವಾಂತಿ, ಅತಿಯಾದ ಮಂಪರು, ಮಾತು ತೊದಲುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಕತ್ತು ನೋಯುತ್ತಿದೆ, ಕೈಕಾಲು ಜುಮ್ಮೆನ್ನುತ್ತಿದೆ ಎಂದರೆ ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ, ಕತ್ತು ತಿರುಗಿಸಿ ನೋಡಬೇಡಿ. ಆಂಬುಲೆನ್ಸ್ ಬರುವವರೆಗೆ ಇದ್ದಂತೆಯೇ ಇರಲಿ.

ಇಷ್ಟು ಗಂಭೀರವಲ್ಲದ ಪೆಟ್ಟುಗಳಲ್ಲಿ ಜಾಗವೇ ಕಾರಣವನ್ನು ಹೇಳುತ್ತದೆ. ಮಣಿಕಟ್ಟು ಅಥವಾ ಮೊಣಕೈ ನೋಯುತ್ತಿದ್ದರೆ ಉಕೆ ಬೀಳುವಾಗ ಕೈ ಊರುತ್ತಿದ್ದಾರೆ. ಅದು ಭಯದ ಗುರುತು, ಮೂಳೆ ಮುರಿಯುವ ದಾರಿ. ದಪ್ಪ ಗಾದಿಯ ಮೇಲೆ ಮತ್ತೆ ಮೊದಲಿನಿಂದ ಕಲಿಸಬೇಕು. ಹೆಗಲ ತುದಿ ನೋಯುತ್ತಿದ್ದರೆ ತೋರಿಯು ಪೂರ್ತಿ ಉರುಳಿಸದೆ ಅರ್ಧಕ್ಕೇ ಕೈಬಿಟ್ಟಿದ್ದಾರೆ. ಬಡಿಯುವ ಅಂಗೈ ಉರಿಯುವುದು ಸಹಜ. ಕೈ ಮೈಯಿಂದ ಸುಮಾರು 45 ಡಿಗ್ರಿಯೊಳಗೆ ಬಿದ್ದಿದ್ದರೆ ಸಾಕು, ತಲೆಯ ಮಟ್ಟಕ್ಕೆ ಹೋದರೆ ಭುಜಕ್ಕೆ ಕೆಟ್ಟದು.

ಇನ್ನೊಂದು ಬಗೆಯ ಉಕೆ ಇದ್ದಾರೆ, ಅತಿ ಸಜ್ಜನರು. ನೀವು ಬೆನ್ನು ತಿರುಗಿಸುವುದೇ ತಡ, ತಾವೇ ಹಾರಿ ಬೀಳುತ್ತಾರೆ. ಇವರ ಜೊತೆ ಅಭ್ಯಾಸ ಮಾಡಿದರೆ ನಿಮ್ಮ ಯಾವ ದೋಷವೂ ಹೊರಗೆ ಬರುವುದಿಲ್ಲ. ‘ದಯವಿಟ್ಟು ಹಾರಬೇಡಿ, ತಡೆಯಲೂ ಬೇಡಿ’ ಎಂದು ವಿನಯದಿಂದ ಹೇಳಿ.

ಲಕ್ಷಣ: ನಿಂತಲ್ಲಿ ಬರುತ್ತದೆ, ನಡೆದಾಡುವಾಗ ಬರುವುದಿಲ್ಲ

ಉಚಿಕೋಮಿಯಲ್ಲಿ, ಅಂದರೆ ಎಸೆಯದೆ ಒಳಬರುವುದನ್ನಷ್ಟೇ ಮತ್ತೆ ಮತ್ತೆ ಮಾಡುವ ಅಭ್ಯಾಸದಲ್ಲಿ, ಚೆನ್ನಾಗಿ ಕಾಣುತ್ತದೆ. ರಾಂದೋರಿ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಎಸೆಯಲು ನೋಡುವ ಮುಕ್ತ ಅಭ್ಯಾಸ, ಶುರುವಾದ ಕೂಡಲೇ ಮಾಯ. ಹಾಗಾದರೆ ಮೇಲಿನ ದೋಷಗಳು ಬಹುತೇಕ ಕಳೆದಿವೆ, ಉಳಿದದ್ದು ಸರಿಯಾದ ಹೊತ್ತನ್ನು ಹಿಡಿಯುವುದು.

ಮೊದಲು ಉಕೆಗೆ ನಿಮ್ಮನ್ನು ನಿಧಾನವಾಗಿ ತಳ್ಳಲು ಹೇಳಿ. ಮೂರು ಹೆಜ್ಜೆ ಹಿಂದೆ ಸರಿಯಿರಿ. ಮೂರನೆಯದರಲ್ಲಿ, ಅವರ ಬಲಪಾದ ಮುಂದೆ ಬರುತ್ತಾ ಇನ್ನೂ ಭಾರ ಊರುವ ಮುನ್ನವೇ ಒಳಗೆ ಹೋಗಿ. ಅವರು ತಾವಾಗಿ ಮುಂದೆ ಬರುತ್ತಿರುವುದರಿಂದ ಎಡಗೈಗೆ ಅರ್ಧ ಕೆಲಸ ಕಡಿಮೆ. ಪಾದ ಊರಿ ಭಾರ ಕುಳಿತ ಮೇಲೆ ಹೋದರೆ ಮತ್ತೆ ಕಂಬವೇ ಎದುರಾಗುತ್ತದೆ. ಇದು ಕೂಡಿಬಂದ ಮೇಲೆ ಪಕ್ಕಕ್ಕೆ ನಡೆಯುತ್ತಾ ಪ್ರಯತ್ನಿಸಿ, ಕೊನೆಗೆ ಅವರು ಹಿಂದೆ ಎಳೆಯುವಾಗ. ಈ ಕೊನೆಯದರಲ್ಲಿ ಓ ಗೋಶಿ ಬಾರದಿದ್ದರೆ ಬೇಸರ ಬೇಡ. ಹಿಂದೆ ಹೋಗುವವರನ್ನು ಮುಂದಕ್ಕೆ ಎಸೆಯುವ ಬದಲು ಹಿಂದಕ್ಕೇ ಕೆಡಹುವ ಎಸೆತಗಳಿವೆ, ಮಾಸ್ಟರರನ್ನು ಕೇಳಿ.

ಎರಡು ತಿಂಗಳು ಹೀಗೆಲ್ಲ ಮಾಡಿಯೂ ಬದಲಾವಣೆ ಕಾಣದಿದ್ದರೆ ಮೈಕಟ್ಟಿನ ಪ್ರಶ್ನೆ ಇರಬಹುದು. ಉದ್ದ ಕಾಲಿನ ಎತ್ತರದವರಿಗೆ ತಗ್ಗುವುದು ಕಷ್ಟ. ಅವರಿಗೆ ಹರಾಯ್ ಗೋಶಿ ಬೇಗ ಒಲಿಯುತ್ತದೆ. ಕುಳ್ಳಗಿನವರಿಗೆ ಭುಜದ ಮೇಲಿಂದ ಎಸೆಯುವ ಸಿಯೊಯ್ ನಾಗೆ ಇದೆ. ಕೊಡೊಕಾನ್ ಇಂದು 68 ಎಸೆತಗಳನ್ನು ಮಾನ್ಯ ಮಾಡಿದೆ, ಒಂದರ ಮೇಲೇ ಮುನಿಸಿಕೊಂಡು ಕೂರಬೇಕಿಲ್ಲ. ಎಸೆತ ಬದಲಿಸುವ ಮುನ್ನ ಮಾತ್ರ ಒಮ್ಮೆ ಯಾರಾದರೂ ನಿಮ್ಮ ಎಡಗೈಯ ಕಿರುಬೆರಳು ಹಿಡಿದು, ಅದು ಯಾವ ಕಡೆಗೆ ಹೋಗುತ್ತದೆ ಎಂದು ನೋಡಲಿ.